ತಲೆ ಬಗ್ಗಿಸಿ ಒಳಗೆ ಬಾ

ಕಳೆದ ವರ್ಷ ನನ್ನಿಂದಾಗಿ ಒಬ್ಬರ ಕಾಲು ಉಳುಕಿತು. ಬೆಳಿಗ್ಗೆ ಆರೂವರೆಯ ಗ್ರೂಪ್ ಕ್ಲಾಸು, ಹದಿನಾರು ಜನ, ಕಿವಿ ತೂತಾಗೋ ಹಾಡು. ನನ್ನ ಸೆಟ್ ಮುಗೀತು ಅಂತ ಡಂಬೆಲ್ ಅಲ್ಲೇ ಬಿಟ್ಟು ನೀರು ಕುಡಿಯೋಕೆ ಹೋದೆ. ಪಕ್ಕದವರು ಲಂಜ್ ಮಾಡ್ತಾ ಹಿಂದಕ್ಕೆ ಇಟ್ಟ ಹೆಜ್ಜೆ ನೇರ ಅದರ ಮೇಲೆ. 'ಬಳಸಿದ್ದನ್ನು ವಾಪಸ್ ಇಡಿ' ಅಂತ ಗೋಡೆ ಮೇಲೆ ಬೋರ್ಡು ಇತ್ತು. ಮೂರು ತಿಂಗಳಿಂದ ನೋಡಿದ್ದೆ, ಓದಿರಲಿಲ್ಲ.

ಆದರೆ ಈ ಪಾಠ ನನಗೆ ಹೊಸದೇನಲ್ಲ. ನಮ್ಮೂರು ಮೈಸೂರು ಸೀಮೆಯದು, ಗರಡಿ ಮನೆ ಇರೋ ಊರು. ಎಂಟು ವರ್ಷದವನಿದ್ದಾಗ ಚಪ್ಪಲಿ ಕಾಲಲ್ಲೇ ನುಗ್ಗಲು ಹೋಗಿ ದೊಡ್ಡಪ್ಪನ ಕೈಲಿ ಬೈಸಿಕೊಂಡಿದ್ದೆ: "ಲೋ, ಕೆರ ಆಚೆ ಬುಡ್ಲಾ. ತಲೆ ಬಗ್ಸಿ ಒಳೀಕ್ ಬಾ." ಬಗ್ಗಿಸದೆ ಬೇರೆ ದಾರಿಯೂ ಇರಲಿಲ್ಲ, ಬಾಗಿಲೇ ಅಷ್ಟು ಗಿಡ್ಡ. ಎಂಥಾ ಪೈಲ್ವಾನನಾದರೂ ಬಾಗಿಯೇ ಬರಬೇಕು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು.

ಆ ಮಣ್ಣನ್ನ ಮಟ್ಟಿ ಅಂತಾರೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆಯೋ ತುಪ್ಪವೋ, ಅರಿಶಿನ ಎಲ್ಲ ಬೆರೆಸಿರುತ್ತಾರೆ. ಕುಸ್ತಿಗೆ ಮುಂಚೆ ಗುದ್ದಲಿಯಲ್ಲಿ ಅಗೆದು ಮೆತ್ತಗೆ ಮಾಡಬೇಕು, ಕಲ್ಲು ಸಿಕ್ಕರೆ ಆರಿಸಬೇಕು. ಅದು ಹೊಸ ಹುಡುಗರ ಕೆಲಸ. ತೋಳು ಗಟ್ಟಿಯಾಗುತ್ತೆ, ಬೀಳೋನ ಬೆನ್ನೂ ಉಳಿಯುತ್ತೆ. ಉಗುರು ಕತ್ತರಿಸಿರಬೇಕು, ಉಂಗುರ ಬಿಚ್ಚಿಡಬೇಕು. ಯಾರು ಯಾರ ಜೊತೆ ಹಿಡಿಯಬೇಕು ಅನ್ನೋದು ಉಸ್ತಾದರ ತೀರ್ಮಾನ. ಸಾಮು ಮುಗಿದ ಮೇಲೆ ಗದೆ, ಕಲ್ಲುಗುಂಡು ಗೋಡೆ ಬದಿಗೆ ಹೋಗಬೇಕು. ಅಂದರೆ ನನ್ನ ಡಂಬೆಲ್ ಪ್ರಸಂಗ ಅಲ್ಲಿ ನಡೆಯೋ ಹಾಗೇ ಇರಲಿಲ್ಲ.

ಜೋಡಿ ನೋಡಿ ಬಿಡುವ ಈ ಲೆಕ್ಕ ಬಹಳ ಹಳೇದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹನ್ನೆರಡನೇ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಅಂತಲೇ ಒಂದು ಭಾಗ ಇದೆ. ಅದು ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುತ್ತೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಕಸರತ್ತು ಹೀಗೆ ಅಭ್ಯಾಸಗಳನ್ನೂ ಬೇರೆಬೇರೆಯಾಗಿ ಹೇಳುತ್ತೆ. ಬಿಗಿನರ್ ಬ್ಯಾಚು, ಅಡ್ವಾನ್ಸ್ಡ್ ಬ್ಯಾಚು ನಮ್ಮ ಕಾಲದ ಐಡಿಯಾ ಅಂದುಕೊಂಡಿದ್ದೆ!

ನಿಯಮ ಇದ್ದಮೇಲೂ ಪೆಟ್ಟು ತಪ್ಪುತ್ತಿರಲಿಲ್ಲ, ಅದನ್ನೂ ಹೇಳಬೇಕು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಕಾಳಗದಲ್ಲಿ ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು ಅಂತ ಬರೆದಿದ್ದಾನೆ. ಜೊತೆಗೇ, ಇಬ್ಬರನ್ನೂ ಸಮ ನಿಲ್ಲಿಸೋಕೆ ನಾಯಕರೂ ತೀರ್ಪುಗಾರರೂ ಅಖಾಡದಲ್ಲಿದ್ದರು ಅಂತಲೂ. ಮೈಸೂರು ಅರಮನೆ ಅಂಗಳದಲ್ಲಿ ವಿಜಯದಶಮಿ ದಿನ ನಡೆಯೋ ಜಟ್ಟಿಗಳ ವಜ್ರಮುಷ್ಟಿ ಕಾಳಗವಂತೂ ಮೊದಲ ರಕ್ತ ಕಂಡ ಕೂಡಲೇ ನಿಲ್ಲುತ್ತೆ. ಅಷ್ಟು ಸಿದ್ಧತೆ, ಅಷ್ಟು ಜನ, ಕೆಲವೇ ಕ್ಷಣದಲ್ಲಿ ಮುಗೀತು. ಚಿಕ್ಕವನಿದ್ದಾಗ ನನಗೆ ಅದು ಮೋಸ ಅನ್ನಿಸಿತ್ತು.

ಗರಡಿಯಿಂದ ಜಿಮ್ಮಿಗೆ ದಾರಿ ಕಟ್ಟಿದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಒಬ್ಬರು. ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದವರು, 'ಶಾಂತಲಾ' ಕಾದಂಬರಿ ಬರೆದವರು. ಬಾರ್‌ಬೆಲ್ ಬಿಡಲಿಲ್ಲ, ಸೂರ್ಯನಮಸ್ಕಾರವನ್ನೂ ಬಿಡಲಿಲ್ಲ. 1930ರ ದಶಕದಲ್ಲೇ ಅಂಚೆಯ ಮೂಲಕ ವ್ಯಾಯಾಮ ಪಾಠ ಹೇಳಿಕೊಡುತ್ತಿದ್ದರು. ಈಗ ಆ್ಯಪಿನಲ್ಲಿ ಟ್ರೈನರ್ ಹುಡುಕೋ ನಮಗೆ ಅವರು ಅಜ್ಜ ಆಗಬೇಕು. ಅಯ್ಯರ್ ಬಗ್ಗೆ ಇನ್ನೊಂದು ಸಲ ಪೂರ್ತಿ ಬರೀತೀನಿ.

ಕಾಲು ಉಳುಕಿಸಿಕೊಂಡವರು ಮೂರು ವಾರ ಬಿಟ್ಟು ಬಂದರು. ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡಿ" ಅಂದರು, ಆದರೆ ಮ್ಯಾಟ್ ಮಾತ್ರ ನನ್ನಿಂದ ದೂರ ಹಾಸಿಕೊಂಡರು. ಈಗಲೂ ಅಲ್ಲೇ ಹಾಸ್ತಾರೆ. ದಸರಾ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಆವತ್ತು ನಿಮ್ ಉಸ್ತಾದ್ ಎಲ್ಲಿದ್ದ?"

ಹಾಡು ಬದಲಾಯಿಸ್ತಿದ್ದ.