ಎಷ್ಟನೇ ಕ್ಯಾಂಪು?

ಮೈಸೂರಿಂದ ಮಡಿಕೇರಿ ಬಸ್ಸು ಹತ್ತಿ, ಹುಣಸೂರು, ಪಿರಿಯಾಪಟ್ಟಣ ದಾಟಿ, ಇನ್ನೇನು ಕುಶಾಲನಗರ ಬಂತು ಅನ್ನುವಾಗ ಕೊಪ್ಪದಲ್ಲಿ ಇಳಿದ್ರೆ ಆಟೋದವರ ಪ್ರಶ್ನೆ ರೆಡಿ ಇರುತ್ತೆ: "ಗೋಲ್ಡನ್ ಟೆಂಪಲ್ಲಾ, ಕ್ಯಾಂಪಾ? ಕ್ಯಾಂಪ್ ಆದ್ರೆ ಎಷ್ಟನೇದು?" ಬೈಲಕುಪ್ಪೆಯ ಟಿಬೆಟನ್ ವಸಾಹತುಗಳಿಗೆ ಚೆಂದದ ಹೆಸರುಗಳಿವೆ. 1961ರಲ್ಲಿ ಶುರುವಾದದ್ದು ಲುಗ್ಸುಂಗ್ ಸಮ್ದುಪ್ಲಿಂಗ್, 1969ರಲ್ಲಿ ಬಂದದ್ದು ಡಿಕ್ಯಿ ಲಾರ್ಸೋ. ಆದ್ರೆ ಆಟೋದವರಿಗೆ, ತರಕಾರಿಯವರಿಗೆ, ಅಂಚೆಯವರಿಗೆ ಸಲೀಸಾಗಿ ಬಾಯಿಗೆ ಬರೋದು ನಂಬರೇ.

ಹೀಗೆ ಜಾಗಕ್ಕೆ ನಂಬರ್ ಕೊಟ್ಟು ಕೆಲಸ ಸಾಗಿಸೋದು ನಮ್ಮ ವೃತ್ತಿಯ ಹಳೇ ಚಾಳಿ. ಪ್ರೋಗ್ರಾಮಿಂಗಿನಲ್ಲಿ ಇದಕ್ಕೆ ಟಪಲ್ ಅಂತಾರೆ. ನಾಲ್ಕಾರು ಮಾಹಿತಿಗಳನ್ನ ಒಂದು ಸಾಲಿನಲ್ಲಿ ಕೂರಿಸಿ, ಸೊನ್ನೆಯಿಂದ ಎಣಿಸಿ, "ಎರಡನೇದು ಕೊಡು" ಅಂತ ಕೇಳೋದು. ಎರಡನೇ ಜಾಗದಲ್ಲಿ ಕೂತಿರೋದು ಏನು ಅನ್ನೋದು ಬರೆದವನ ತಲೆಯಲ್ಲಿ ಮಾತ್ರ ಇರುತ್ತೆ.

ನನ್ನ ತಲೆಯಲ್ಲೂ ಹಾಗೇ ಇತ್ತು. ಕೆಲವು ವರ್ಷಗಳ ಹಿಂದೆ ಕೆಲಸ ಮಾಡ್ತಿದ್ದ ಕಂಪನಿಯಲ್ಲಿ ತರಬೇತಿ ಮುಗಿಸಿದವರಿಗೆ ಸರ್ಟಿಫಿಕೇಟ್ ಪ್ರಿಂಟ್ ಮಾಡೋ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಿದ್ದೆ. ಪಟ್ಟಿಯ ಸಾಲು ಹೀಗಿತ್ತು: ಕ್ರಮಸಂಖ್ಯೆ, ಉದ್ಯೋಗಿ ಸಂಖ್ಯೆ, ಹೆಸರು, ತಂದೆಯ ಹೆಸರು, ಊರು. ಸೊನ್ನೆಯಿಂದ ಎಣಿಸಿದ್ರೆ ಹೆಸರು ಎರಡನೇದು. ಒಂದು ದಿನ ಯಾರೋ "ಕ್ರಮಸಂಖ್ಯೆ ಯಾಕೆ ಬೇಕು" ಅಂತ ಮೊದಲ ಕಾಲಂ ಅಳಿಸಿದ್ರು. ಎಲ್ಲರೂ ಒಂದೊಂದು ಮನೆ ಎಡಕ್ಕೆ ಸರಿದರು. ಎಲ್ಲರ ಸರ್ಟಿಫಿಕೇಟಿನಲ್ಲೂ ಅವರವರ ಅಪ್ಪಂದಿರು ತರಬೇತಿ ಮುಗಿಸಿದ್ದರು!

ಆಫೀಸೆಲ್ಲ ನಕ್ಕಿತು, ಹೊಸದಾಗಿ ಪ್ರಿಂಟ್ ಮಾಡಿದ್ವಿ. ಆದ್ರೆ ಒಬ್ಬನದು ತಪ್ಪಿಹೋಯ್ತು. ಬೈಲಕುಪ್ಪೆಯಲ್ಲೇ ಹುಟ್ಟಿ ಬೆಳೆದವನು, ಲೋಸರ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಸರ್ಟಿಫಿಕೇಟ್ ಕೊರಿಯರಿನಲ್ಲಿ ಮನೆಗೆ ಹೋಗಿತ್ತು, ಅವನು ಲಕೋಟೆ ಒಡೆಯದೆ ಕಪಾಟಿನಲ್ಲಿಟ್ಟ. ಇಲ್ಲಿ ತಪ್ಪಾದವರ ಪಟ್ಟಿ ಮಾಡುವಾಗ ಅವನ ಸಾಲು ನಮ್ಮ ಕಣ್ಣಿಗೆ ಸರಿಯಾಗೇ ಕಂಡಿತ್ತು. ಎರಡು ಪದದ ಟಿಬೆಟನ್ ಹೆಸರು, ಮತ್ತೇನು?

ಆ ಎರಡು ಪದಗಳಲ್ಲಿ ನಾವು ಹುಡುಕೋ "ಸರ್‌ನೇಮ್" ಸಾಮಾನ್ಯವಾಗಿ ಇರೋದೇ ಇಲ್ಲ. ಅಪ್ಪ, ಅಮ್ಮ, ಮಗ, ಮಗಳು ನಾಲ್ವರ ಹೆಸರಿನಲ್ಲಿ ಒಂದು ಪದವೂ ಹೊಂದದೇ ಇರಬಹುದು. ಹೆಸರನ್ನ ಹಲವು ಸಲ ಲಾಮಾ ಕೊಡ್ತಾರೆ. ಈಗಿನ ದಲೈ ಲಾಮಾ ತೆನ್ಜಿನ್ ಗ್ಯಾತ್ಸೋ ಆದ್ದರಿಂದ ಅವರಿಂದ ಹೆಸರು ಪಡೆದ ಮಕ್ಕಳ ಹೆಸರು ತೆನ್ಜಿನ್ ಅಂತ ಶುರುವಾಗುತ್ತೆ, ಅದಕ್ಕೇ ಒಂದೊಂದು ಕ್ಲಾಸಿನಲ್ಲೂ ಅಷ್ಟೊಂದು ತೆನ್ಜಿನ್‌ಗಳು. ಇನ್ನು ಕೆಲವರಿಗೆ ಹುಟ್ಟಿದ ವಾರವೇ ಹೆಸರು: ಭಾನುವಾರ ನ್ಯಿಮಾ, ಸೋಮವಾರ ದಾವಾ, ಮಂಗಳವಾರ ಮಿಗ್ಮಾರ್, ಶುಕ್ರವಾರ ಪಾಸಂಗ್. ದಾವಾ ಅಂದ್ರೆ ಚಂದ್ರ, ನಮ್ಮ ಸೋಮನೇ.

ನಾವೇನು ಕಮ್ಮಿ ಅಂದುಕೋಬೇಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ತಾನು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತಾನು, ಅಪ್ಪ, ಮನೆತನ. ಕೆ.ವಿ. ಪುಟ್ಟಪ್ಪ, ದ.ರಾ. ಬೇಂದ್ರೆ ಅಂತ ಬರೆದ್ರೆ ಎರಡರ ಆಕಾರ ಒಂದೇ, ಒಳಗಿನ ಜೋಡಣೆ ಬೇರೆ. ಎಚ್.ಡಿ. ದೇವೇಗೌಡ ಅಂದ್ರೆ ಹರದನಹಳ್ಳಿಯ ದೊಡ್ಡೇಗೌಡರ ಮಗ. ಎಚ್.ಡಿ. ಕುಮಾರಸ್ವಾಮಿ ಅನ್ನುವಾಗ ಅದೇ 'ಡಿ' ದೇವೇಗೌಡ ಆಯ್ತು. ಬೈಲಕುಪ್ಪೆಯಿಂದ ಅಷ್ಟೇನೂ ದೂರವಿಲ್ಲದ ಎಚ್.ಡಿ. ಕೋಟೆಯಲ್ಲಿ ಊರೂ ಇಲ್ಲ, ಅಪ್ಪನೂ ಇಲ್ಲ, ಎರಡೂ ಅಕ್ಷರ ಸೇರಿ ಒಬ್ಬನೇ ಹೆಗ್ಗಡದೇವ. ಟಿಬೆಟನ್ನರು ಇವತ್ತಿಗೂ ಕೃತಜ್ಞತೆಯಿಂದ ನೆನೆಯೋ ಎಸ್. ನಿಜಲಿಂಗಪ್ಪನವರ 'ಎಸ್' ಸಿದ್ದವ್ವನಹಳ್ಳಿ. ಇದೆಲ್ಲ ಗೊತ್ತಿದ್ದವರಿಗೆ ಗೊತ್ತು. ಫಾರಂ ಭರ್ತಿ ಮಾಡಿಸೋ ಕಂಪ್ಯೂಟರಿಗೆ ಗೊತ್ತಿಲ್ಲ.

ಕಂಪ್ಯೂಟರಿನವರಿಗೆ ಈ ತೊಂದರೆ ಬಹಳ ಬೇಗ ಅರ್ಥವಾಗಿತ್ತು ಅನ್ನೋದೇ ಸೋಜಿಗ. 1959ರಲ್ಲಿ, ಅಂದ್ರೆ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದ ವರ್ಷವೇ, ಕೋಬಾಲ್ ಭಾಷೆಯ ಕೆಲಸ ಶುರುವಾಯ್ತು. ಕಚೇರಿ ಲೆಕ್ಕಕ್ಕೆಂದೇ ಹುಟ್ಟಿದ ಅದರಲ್ಲಿ ರೆಕಾರ್ಡಿನ ಪ್ರತಿ ಮನೆಗೂ ಹೆಸರಿತ್ತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಡೇಟಾಬೇಸಿನ ಪ್ರಸಿದ್ಧ ಪ್ರಬಂಧ ಬರೆದಾಗಲೂ ಈ ಮಾತು ಬಂತು. ಗಣಿತದ ಪ್ರಕಾರ ಸಾಲಿನಲ್ಲಿ ಕ್ರಮ ಇರುತ್ತೆ, ಆದ್ರೆ ಕಾಲಂಗಳು ತುಂಬಾ ಆದಾಗ ಯಾವುದು ಎಷ್ಟನೇದು ಅಂತ ನೆನಪಿಡೋ ಹೊರೆಯನ್ನ ಬಳಸುವವರ ಮೇಲೆ ಹಾಕಬಾರದು, ಅವರು ಹೆಸರು ಹಿಡಿದು ಕೇಳುವಂತಿರಬೇಕು ಅಂತ. ಪ್ಯಾಸ್ಕಲ್‌ಗೆ ರೆಕಾರ್ಡ್, ಸಿ ಭಾಷೆಗೆ ಸ್ಟ್ರಕ್ಟ್ ಬಂದವು.

ಇಷ್ಟೆಲ್ಲ ಆದಮೇಲೂ 1991ರಲ್ಲಿ ಹೊರಬಂದ ಪೈಥಾನ್ ಬರೀ ಟಪಲ್‌ಗಳನ್ನ ಧಾರಾಳವಾಗಿ ಹಂಚಿತು. ಈಗ ಟೈಮ್ ಎಷ್ಟು ಅಂತ ಕೇಳಿದ್ರೆ ಒಂಬತ್ತು ಅಂಕಿಗಳ ಸಾಲು: ವರ್ಷ, ತಿಂಗಳು, ತಾರೀಖು, ಗಂಟೆ, ನಿಮಿಷ, ಸೆಕೆಂಡು, ವಾರ, ವರ್ಷದ ಎಷ್ಟನೇ ದಿನ, ಕೊನೆಗೆ ಬೇಸಿಗೆ ಸಮಯದ ಗುರುತು. ಫೈಲಿನ ವಿವರ ಕೇಳಿದ್ರೆ ಹತ್ತು ಅಂಕಿ, ಅದರಲ್ಲಿ ಸೈಜ್ ಬೇಕಿದ್ರೆ ಆರನೇದು. ತಮಾಷೆ ವಾರದ್ದು. ಸಿ ಭಾಷೆಯಲ್ಲಿ ಸೊನ್ನೆ ಅಂದ್ರೆ ಭಾನುವಾರ, ಪೈಥಾನಿನ ಈ ಸಾಲಿನಲ್ಲಿ ಸೊನ್ನೆ ಅಂದ್ರೆ ಸೋಮವಾರ. ಸಿ ಲೆಕ್ಕದ ನ್ಯಿಮಾ ಪೈಥಾನಿಗೆ ಬರೋವಷ್ಟರಲ್ಲಿ ದಾವಾ ಆಗಿರ್ತಾನೆ!

2001ರ ಕೊನೆಗೆ ಬಂದ ಪೈಥಾನ್ 2.2ರಲ್ಲಿ ಈ ಎರಡಕ್ಕೂ ಮದ್ದು ಮಾಡಿದ್ರು. ಹಳೇ ಪ್ರೋಗ್ರಾಂಗಳು ನಂಬರ್ ಹೇಳಿದ್ರೂ ನಡೆಯಬೇಕು, ಹೊಸಬರು ಹೆಸರು ಹೇಳಿದ್ರೂ ನಡೆಯಬೇಕು. ಆದ್ರೆ ಈ ಸೌಲಭ್ಯ ಪೈಥಾನಿನ ಒಳಗಿನವರಿಗೆ ಸಿಕ್ಕಿತೇ ಹೊರತು ನಮ್ಮಂಥವರಿಗೆ ಸುಲಭವಾಗಿ ಸಿಗಲಿಲ್ಲ. ಅದನ್ನ ಎಲ್ಲರಿಗೂ ಕೊಟ್ಟವರು ರೇಮಂಡ್ ಹೆಟಿಂಗರ್. 2008ರ ಅಕ್ಟೋಬರಿನಲ್ಲಿ ಬಂದ 2.6ರಲ್ಲಿ ಅವರ ನೇಮ್ಡ್‌ಟಪಲ್ ಇತ್ತು. ಒಳಗೆ ನಡೀತಿದ್ದದ್ದು ಮಜಾ. ನೀವು ಕೊಟ್ಟ ಹೆಸರುಗಳನ್ನ ಒಂದು ಅಚ್ಚಿನಲ್ಲಿ ತುಂಬಿ, ಹೊಸ ಕ್ಲಾಸಿನ ಕೋಡನ್ನೇ ಅಕ್ಷರಗಳಾಗಿ ಬರೆದು, ಆಮೇಲೆ ಅದನ್ನ ಓಡಿಸೋದು. ಕೆಲವರಿಗೆ ಇದು ಅಸಹ್ಯ ಅನ್ನಿಸಿತು. ನನಗೆ ಮಾತ್ರ ಬಹಳ ಪ್ರಾಮಾಣಿಕ ಅನ್ನಿಸುತ್ತೆ, ಬೇಕಿದ್ರೆ ಆ ಕೋಡನ್ನ ಪ್ರಿಂಟ್ ಮಾಡಿಸಿ ಓದಬಹುದಿತ್ತು.

ಹಾಗಿದ್ರೆ ನೇಮ್ಡ್‌ಟಪಲ್ ಬಳಸಿದ್ರೆ ನನ್ನ ಸರ್ಟಿಫಿಕೇಟ್ ಅವಾಂತರ ತಪ್ತಿತ್ತಾ? ಪೂರ್ತಿ ಅಲ್ಲ. ಹೆಸರು ಅಂಟಿಸೋದು ಮನೆಗೆ, ಮನೆಯೊಳಗೆ ಬಂದು ಕೂರುವವರಿಗೆ ಅಲ್ಲ. ಎರಡು ಕಾಲಂ ಅದಲುಬದಲಾದ್ರೆ ಅದೂ ಮೋಸ ಹೋಗುತ್ತೆ. ಆದ್ರೆ ಐದು ಫೀಲ್ಡ್ ಇರೋ ಕಡೆ ನಾಲ್ಕೇ ಮಾಹಿತಿ ಬಂದ್ರೆ ಅದು ಎರರ್ ಕೊಟ್ಟು ಅಲ್ಲೇ ನಿಲ್ಲುತ್ತೆ. ಅವತ್ತು ಪ್ರಿಂಟರ್ ತನಕ ಹೋಗ್ತಾನೇ ಇರಲಿಲ್ಲ. ಆಗ ನಮ್ಮಲ್ಲಿದ್ದದ್ದು ಪೈಥಾನ್ 2.7, ಅಂದ್ರೆ ಮದ್ದು ಕೈಗೆಟಕುವಲ್ಲೇ ಇತ್ತು. ಒಂದು ಸಾಲು ಬರೆಯೋಕೆ ನನಗೆ ಸೋಮಾರಿತನ.

ಇನ್ನೊಂದು ಕೊರತೆಯೂ ಇತ್ತು. ನೇಮ್ಡ್‌ಟಪಲ್ ಹೊರಗೆ ಏನೇ ವೇಷ ಹಾಕಿದ್ರೂ ಒಳಗೆ ಟಪಲ್ಲೇ. ಕ್ಯಾಂಪ್ 4, ಮನೆ 7 ಅನ್ನೋ ವಿಳಾಸವನ್ನೂ, ತಿಂಗಳು 4, ತಾರೀಖು 7 ಅನ್ನೋ ದಿನಾಂಕವನ್ನೂ ಪಕ್ಕ ಇಟ್ಟು "ಇವೆರಡೂ ಒಂದೇನಾ" ಅಂತ ಕೇಳಿದ್ರೆ ಹೌದು ಅನ್ನುತ್ತೆ. 2016ರ ಕೊನೆಯ ಪೈಥಾನ್ 3.6ರಲ್ಲಿ ಬರೆಯೋ ರೀತಿ ಚೆಂದವಾಯ್ತು, ಈ ಗುಣ ಹೋಗಲಿಲ್ಲ. 2018ರಲ್ಲಿ 3.7ರ ಜೊತೆ ಬಂದ ಎರಿಕ್ ಸ್ಮಿತ್ ಅವರ ಡೇಟಾಕ್ಲಾಸಿಗೆ ಇದೂ ಒಂದು ಕಾರಣ. ಅಲ್ಲಿ ವಿಳಾಸ ವಿಳಾಸವೇ, ದಿನಾಂಕ ದಿನಾಂಕವೇ.

ಸಿ ಶಾರ್ಪಿನವರು 2017ರಲ್ಲಿ ಟಪಲ್‌ಗೆ ಹೆಸರು ಕೊಟ್ಟರು, ಆದ್ರೆ ಅದು ಕಂಪೈಲರಿನ ತನಕ ಮಾತ್ರ. ಪ್ರೋಗ್ರಾಂ ಓಡುವಾಗ ಮತ್ತೆ ಐಟಂ ಒಂದು, ಐಟಂ ಎರಡು. ನನಗೆ ಇಷ್ಟವಾದದ್ದು ಸ್ಟ್ಯಾಂಡರ್ಡ್ ಎಂಎಲ್ ಅನ್ನೋ ಭಾಷೆಯ ಉಪಾಯ. ಅದು ಪ್ರಶ್ನೆಯನ್ನೇ ತಿರುಗಿಸಿಬಿಟ್ಟಿತು. ಅದರಲ್ಲಿ ರೆಕಾರ್ಡೇ ಮೂಲ, ಟಪಲ್ ಅಂದ್ರೆ ಫೀಲ್ಡುಗಳ ಹೆಸರು 1, 2, 3 ಅಂತ ಇರೋ ರೆಕಾರ್ಡು. ನಂಬರೇ ಹೆಸರು. ಕೊಪ್ಪದ ಆಟೋದವರು ಒಪ್ಪುತ್ತಾರೆ.

ಗೆಳೆಯನ ವಿಷಯಕ್ಕೆ ಬರ್ತೀನಿ. ಕೆಲವು ತಿಂಗಳ ನಂತರ ಅವನು ವಿದೇಶದಲ್ಲಿ ಓದೋಕೆ ಅರ್ಜಿ ಹಾಕುವಾಗ ಆ ಲಕೋಟೆಯಲ್ಲಿದ್ದದ್ದನ್ನ ಸ್ಕ್ಯಾನ್ ಮಾಡಿ ಸೇರಿಸಿದ್ದ, ಸರಿಯಾಗಿ ನೋಡದೆ. ರಿಜಿಸ್ಟ್ರೇಷನ್ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಇದರಲ್ಲಿ ಇನ್ನೊಂದು. ನಮಗಾದ್ರೆ ಹೆಸರು ತಪ್ಪಿದ್ರೆ ತೋರಿಸೋಕೆ ಹತ್ತು ದಾಖಲೆ ಇರುತ್ತೆ. ನಿರಾಶ್ರಿತರ ಮಗನಿಗೆ ಆ ಒಂದು ಕಾಗದವೇ ಎಲ್ಲ. ಅಫಿಡವಿಟ್, ನೋಟರಿ, ನನ್ನ ಕೈಯಿಂದ ತಪ್ಪೊಪ್ಪಿಗೆ ಪತ್ರ, ಎಲ್ಲ ಆಗೋ ಹೊತ್ತಿಗೆ ಆ ವರ್ಷದ ಪ್ರವೇಶ ಮುಗಿದಿತ್ತು. ಅವನು ಬೈಯಲಿಲ್ಲ. ಅದೇ ಕಷ್ಟವಾಗಿದ್ದು.

ಈಗ ಅವನಿಗೊಬ್ಬಳು ಮಗಳು. ಅವಳೂ ತೆನ್ಜಿನ್. ಹೋದ ಸಲ ಅವರ ಮನೆಯಲ್ಲಿ ಬೆಣ್ಣೆ ಚಹಾ ಕುಡೀತಾ, ಸ್ಕೂಲಿನ ಅರ್ಜಿಯಲ್ಲಿ ಸರ್‌ನೇಮ್ ಕಡ್ಡಾಯ ಅಂತಿತ್ತಲ್ಲ, ಏನು ಬರೆದೆ ಅಂತ ಕೇಳಿದೆ.

"ಚುಕ್ಕೆ ಇಟ್ಟೆ ಕಣೋ," ಅಂದ. "ತಗೊಂಡ್ತು."