ತುಂಬಿದ ರಾನ್: ದಮ್‌ನಲ್ಲಿ ಬೇಯುವ ಇಡೀ ತೊಡೆ

ಆಡಿನ ಅಥವಾ ಕುರಿಯ ಹಿಂದಿನ ತೊಡೆಯನ್ನು ತುಂಡರಿಸದೆ, ಒಳಗಿನ ಎಲುಬು ತೆಗೆದು, ಆ ಜಾಗಕ್ಕೆ ಖೀಮಾ ತುಂಬಿ, ಬಾಯಿ ಹೊಲಿದು, ಮುಚ್ಚಿದ ಹಂಡಿಯಲ್ಲಿ ತಾಸುಗಟ್ಟಲೆ ಬೇಯಿಸುವ ಅಡುಗೆಗೆ ರಾನ್ ಮುಸಲ್ಲಮ್ ಎನ್ನುತ್ತಾರೆ. ಪಾರಸಿಯಲ್ಲಿ ‘ರಾನ್’ ಎಂದರೆ ತೊಡೆ. ‘ಮುಸಲ್ಲಮ್’ ಎಂದರೆ ಇಡಿಯಾದದ್ದು. ಇದು ಬೇಡುವುದು ಖಾರವನ್ನಲ್ಲ, ಹೊತ್ತನ್ನು. ಮಸಾಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ರಾನ್ ಉಳಿದೀತು, ಅವಸರ ಮಾಡಿದರೆ ಉಳಿಯದು.

ರೈಲು ಹಳಿಯ ಗುಂಟ

ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಐದೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಅದಕ್ಕೂ ಎಷ್ಟೋ ಮೊದಲು, 1874ರಲ್ಲೇ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತ್ತು. ಆ ಹಳಿ ಇಂದಿಗೂ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿಗೆ ಹೋಗುತ್ತದೆ. ಚಿಂಚೋಳಿಗೆ ರೈಲಿಲ್ಲ, ಆದರೆ ತೆಲಂಗಾಣದ ಗಡಿ ಅದರ ಬೆನ್ನಿಗೇ ಇದೆ. ಹೀಗಾಗಿ ರಾನ್ ಸೇರಿದಂತೆ ಹೈದರಾಬಾದಿನ ಪಾಕ ಈ ಊರುಗಳಿಗೆ ಹೊರಗಿನದಲ್ಲ.

ಮಾಂಸಕ್ಕೆ ಹೂರಣ ತುಂಬುವ ಜಾಣ್ಮೆ ಮಾತ್ರ ಈ ನೆಲದಲ್ಲಿ ನಿಜಾಮರಿಗಿಂತಲೂ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಕರುಳಿಗೆ ಮಸಾಲೆ ತುಂಬಿ ಕೆಂಡದ ಮೇಲೆ ಸುಡುವ ‘ಮಂಡಲಿಯ’ ಎಂಬ ಅಡುಗೆಯಿದೆ. ಆ ವಂಶದವರು ಕಲ್ಯಾಣಕ್ಕೆ ಹೋಗುವ ಮುನ್ನ ಆಳಿದ್ದು ಇದೇ ಸೇಡಂ ತಾಲ್ಲೂಕಿನ ಮಳಖೇಡದಿಂದ. ರಾನ್ ಅದರಿಂದಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಕಾಗಿಣಾ ನದಿ ದಂಡೆಯ ಊರಿನ ಅಡುಗೆ ಎಂದರೆ ರೊಟ್ಟಿ–ಪುಂಡಿಪಲ್ಯೆ ಅಷ್ಟೇ ಎನ್ನುವವರಿಗೆ ಈ ಮಾತು ತಿಳಿದಿರಲಿ.

ಕಂದೂರಿಗಲ್ಲ, ಮನೆಗೆ

ದರ್ಗಾದ ಹರಕೆಗೆ ಹಿಂದೂ, ಮುಸ್ಲಿಂ ಇಬ್ಬರೂ ಮಾಡುವ ಕಂದೂರಿಯಲ್ಲಿ ಖಂಡವನ್ನು ಸಣ್ಣಗೆ ಕಡಿದು ದೊಡ್ಡ ಹಂಡೆಗೆ ಹಾಕುತ್ತಾರೆ. ಅಲ್ಲಿ ನೂರು ಎಲೆಗೆ ಸಾಕಾಗಬೇಕು. ರಾನ್ ಹಾಗಲ್ಲ. ಒಂದು ತೊಡೆ ಎಂಟು ಮಂದಿಗೆ. ಬಕ್ರೀದಿನ ಮರುದಿನವೋ, ಅಳಿಯ ಮನೆಗೆ ಬಂದಾಗಲೋ ಒಂದೇ ದಸ್ತರಖಾನ್ ಸುತ್ತ ಕುಳಿತು ತಿನ್ನಲು ಹೇಳಿ ಮಾಡಿಸಿದ ಅಡುಗೆ.

ತೊಡೆಯನ್ನು ಆರಿಸುವುದು

ಹನ್ನೆರಡು ಕಿಲೋದಷ್ಟು ಖಂಡ ಬೀಳುವ ಎಳೆಯ ಆಡು ಒಳ್ಳೆಯದು. ಅದರ ತೊಡೆ ಒಂದೂವರೆ ಕಿಲೋದ ಆಸುಪಾಸು ತೂಗುತ್ತದೆ. ಮುದಿ ಹೋತದ ತೊಡೆ ಬೇಡ, ಅದರ ವಾಸನೆ ಯಾವ ಮಸಾಲಿಗೂ ಅಡಗದು. ಕಸಾಯಿ ಅಂಗಡಿಯಲ್ಲೇ ಹೇಳಿ: ಮೇಲಿನ ದಪ್ಪ ಎಲುಬನ್ನು ಒಳಮಗ್ಗುಲಿಂದ ಬಿಡಿಸಿ ತೆಗೆಯಬೇಕು, ಹೊರಗಿನ ಖಂಡ ಹರಿಯಬಾರದು, ಕೆಳಗಿನ ನಲ್ಲಿ ಎಲುಬು ಹಾಗೇ ಇರಬೇಕು. ಆಗ ತೊಡೆ ಚೀಲದಂತಾಗುತ್ತದೆ, ಹಿಡಿಯಲು ನಲ್ಲಿ ಹಿಡಿಕೆಯಾಗುತ್ತದೆ. ತೆಗೆದ ಎಲುಬನ್ನು ಕೇಳಿ ಪಡೆಯಿರಿ. ಹಂಡಿಯ ತಳಕ್ಕೆ ಹಾಕಿದರೆ ರಸಕ್ಕೆ ಜೀವ ಬರುತ್ತದೆ.

ಗಟ್ಟಿ ಖಂಡ ಮೆತ್ತಗಾಗುವ ಬಗೆ

ದಿನವಿಡೀ ಗುಡ್ಡ ಹತ್ತಿ ಇಳಿಯುವ ಆಡಿನ ದೇಹದಲ್ಲಿ ಹೆಚ್ಚು ದುಡಿಯುವುದು ಕಾಲು. ದುಡಿದ ಸ್ನಾಯುವಿನಲ್ಲಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಹೆಚ್ಚು. ದೊಡ್ಡ ಉರಿಯಲ್ಲಿ ಬೇಗ ಬೇಯಿಸಿದರೆ ಸ್ನಾಯು ಮುದುಡಿ ನೀರು ಬಿಟ್ಟು ಒಣಗುತ್ತದೆ, ಕೊಲಾಜನ್ ಮಾತ್ರ ಕರಗುವುದಿಲ್ಲ. 70 ಡಿಗ್ರಿ ಸೆಲ್ಸಿಯಸ್ ದಾಟಿದ ಹಬೆಯಲ್ಲಿ ತಾಸುಗಟ್ಟಲೆ ಇದ್ದಾಗ ಅದು ಜೆಲಟಿನ್ ಆಗಿ ಕರಗಿ ಎಳೆಗಳ ನಡುವೆ ಜಾರುತ್ತದೆ. ಚೆನ್ನಾಗಿ ಬೆಂದ ರಾನ್ ತಿಂದಾಗ ತುಟಿಗೆ ಅಂಟಿದಂತಾಗುವುದು ಇದರಿಂದಲೇ.

ಮೊಸರು, ಶುಂಠಿ–ಬಳ್ಳೊಳ್ಳಿ, ಉಪ್ಪು, ಖಾರಪುಡಿ ಹಚ್ಚಿ ಹಿಂದಿನ ರಾತ್ರಿಯೇ ಇಡಬೇಕು. ಹಸಿ ಪಪ್ಪಾಯಿಯನ್ನು ಮಾತ್ರ ರಾತ್ರಿಯಿಡೀ ಬಿಡಬೇಡಿ. ಅದರ ಪಪೈನ್ ಕಿಣ್ವ ಮೇಲ್ಮೈಯನ್ನೇ ತಿಂದು ಹಿಟ್ಟಿನಂತೆ ಮಾಡುತ್ತದೆ, ಒಳಗೆ ಇಳಿಯುವುದೇ ಇಲ್ಲ. ಒಂದೂವರೆ ಕಿಲೋಗೆ ಒಂದು ದೊಡ್ಡ ಚಮಚ ಸಾಕು, ಅದೂ ಕೊನೆಯ ಎರಡು ತಾಸು, ದಬ್ಬಣದಿಂದ ಅಲ್ಲಲ್ಲಿ ಚುಚ್ಚಿ.

ಹೂರಣ

ಕಾಲು ಕಿಲೋ ಖೀಮಾ, ಅದಕ್ಕೆ ಕೂಡಿಸಲು ಒಂದು ಹಿಡಿ ಬೆಂದ ಕಡಲೆಬೇಳೆ, ಕೆಂಪಗೆ ಹುರಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಪುದೀನ, ಚೂರು ಗರಂ ಮಸಾಲಿ. ಬೇಳೆ ಖೀಮಾವನ್ನು ಹಿಡಿದಿಡುತ್ತದೆ, ರಾನ್ ಕೊಯ್ದಾಗ ಹೂರಣ ಉದುರುವುದಿಲ್ಲ. ನಡುವೆ ಸುಲಿದ ಮೂರು ಬೇಯಿಸಿದ ಮೊಟ್ಟೆ ಸಾಲಾಗಿ ಇಟ್ಟರೆ ಪ್ರತಿ ಹೋಳಿನಲ್ಲೂ ಹಳದಿ ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಹಸಿ ಖೀಮಾ ತುಂಬಬೇಡಿ. ತೊಡೆಯ ನಡುಭಾಗಕ್ಕೆ ಬಿಸಿ ಕೊನೆಗೆ ಮುಟ್ಟುತ್ತದೆ, ಅರೆದ ಮಾಂಸದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಖೀಮಾ ಮೊದಲೇ ಪೂರ್ತಿ ಬೇಯಲಿ. ತುಂಬಿದ ಕೂಡಲೇ ಒಲೆಗೇರಿಸಿ. ತುಂಬುವಾಗ ಒತ್ತಿ ಬಿಗಿಯಬೇಡಿ, ಖಂಡ ಮುದುಡಿದಾಗ ಹೊಲಿಗೆ ಬಿಚ್ಚುತ್ತದೆ. ಬಿಳಿ ಹತ್ತಿ ದಾರದಲ್ಲಿ ದೂರ ದೂರ ಹೊಲಿದರೆ ಸಾಕು.

ದಮ್

ಹಂಡಿಯಲ್ಲಿ ಎಣ್ಣೆ ಕಾಯಿಸಿ ತೊಡೆಯನ್ನು ಎಲ್ಲ ಮಗ್ಗುಲೂ ಕೆಂಪಾಗಿಸಿ ತೆಗೆದಿಡಿ. ಅದೇ ಎಣ್ಣೆಯಲ್ಲಿ ಚಕ್ಕೆ, ಲವಂಗ, ದಗಡಫೂಲ್ (ಕಲ್ಲುಹೂ), ಅರೆದ ಕೊಬ್ಬರಿ–ಗಸಗಸೆ, ಉಳಿದ ಮೊಸರು ಬಾಡಿಸಿ. ಎಲುಬು ತಳಕ್ಕೆ, ತೊಡೆ ಮೇಲಕ್ಕೆ, ಒಂದು ಲೋಟ ಬಿಸಿನೀರು. ಮುಚ್ಚಳದ ಸುತ್ತ ಗೋಧಿ ಕಣಕ ಮೆತ್ತಿ. ದಮ್ ಎಂದರೆ ಉಸಿರು. ಆ ಉಸಿರು ಹೊರಗೆ ಹೋಗಬಾರದು.

ನಮ್ಮ ಕಡೆ ತೊಗರಿ ಕಟ್ಟಿಗೆಗೆ ಬರವಿಲ್ಲ. ಅದು ಭರ್ರೆಂದು ಉರಿದು ಬೂದಿಯಾಗುತ್ತದೆ, ಕೆಂಪಾಗಿಸಲು ಬೇಕಾದ ದೊಡ್ಡ ಉರಿಗೆ ಹೇಳಿ ಮಾಡಿಸಿದ್ದು. ದಮ್ಮಿಗೆ ಮಾತ್ರ ಜಾಲಿ ಕಟ್ಟಿಗೆಯ ಕೆಂಡವೇ ಬೇಕು. ಅರ್ಧ ಕೆಂಡ ಕೆಳಗೆ, ಅರ್ಧ ಮುಚ್ಚಳದ ಮೇಲೆ. ಗ್ಯಾಸಿನವರು ಹಂಡಿಯ ಕೆಳಗೆ ದಪ್ಪ ತವಾ ಇಟ್ಟು ಸಣ್ಣ ಉರಿ ಹಿಡಿಯಲಿ. ಮೂರು ತಾಸು. ನಡುವೆ ಇಣುಕಿ ನೋಡುವ ಆಸೆಯನ್ನು ಅದುಮಿಕೊಳ್ಳಬೇಕು.

ಕಲ್ಲಿನ ಬಗ್ಗೆ

ಹೈದರಾಬಾದಿನಲ್ಲಿ ಕಾಯಿಸಿದ ಗ್ರಾನೈಟ್ ಮೇಲೆ ಮಾಂಸ ಬೇಯಿಸುವ ಪತ್ಥರ್ ಕಾ ಗೋಷ್ತ್ ಇದೆ. ಅದನ್ನು ಕಂಡು ಶಹಾಬಾದ್ ಫರಸಿಯನ್ನು ಒಲೆಗೇರಿಸಬಾರದು. ಅದು ಪದರು ಪದರಾದ ಸುಣ್ಣಕಲ್ಲು. ಪದರಿನ ನಡುವಿನ ತೇವ ಕಾದರೆ ಸಿಡಿಯುತ್ತದೆ. ಅಡುಗೆಮನೆ ಕಟ್ಟೆಗೆ ಅದಕ್ಕಿಂತ ತಂಪಾದ ಕಲ್ಲು ಬೇರಿಲ್ಲ, ಕಣಕ ನಾದಲು, ತೊಡೆ ಹೊಲಿಯಲು ಅಲ್ಲೇ ಕೂಡಬೇಕು.

ಕೊಯ್ಯುವುದು

ಕಣಕ ಒಡೆದ ಮೇಲೆ ಸಣ್ಣ ಚೂರಿ ಚುಚ್ಚಿ ನೋಡಿ. ತಡೆಯಿಲ್ಲದೆ ಇಳಿದರೆ ಬೆಂದಿದೆ. ಕಾಲು ತಾಸು ಹಾಗೇ ಬಿಟ್ಟು, ದಾರ ಎಳೆದು, ನಲ್ಲಿ ಹಿಡಿದು ಅಡ್ಡಡ್ಡಲಾಗಿ ದಪ್ಪ ಹೋಳು ಮಾಡಿ. ಜೊತೆಗೆ ಬಿಸಿ ಜೋಳದ ರೊಟ್ಟಿ, ಹೆಚ್ಚಿದ ಉಳ್ಳಾಗಡ್ಡಿ, ಲಿಂಬೆ. ನಲ್ಲಿಯೊಳಗಿನ ಮಜ್ಜೆ ಮನೆಯ ಹಿರಿಯರಿಗೆ ಸಲ್ಲಲಿ.

ಉಳಿದದ್ದನ್ನು ಎರಡು ತಾಸಿನೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ತಳದ ರಸಕ್ಕೆ ನೀರು ಸೇರಿಸಿ ಕುದಿಸಿ, ತೊಳೆದ ಅಕ್ಕಿ ಹಾಕಿದರೆ ಕಲಬುರಗಿಯ ತಹರಿ ಆಗುತ್ತದೆ.