ಸಾಲು ಮತ್ತು ಜೋಡಣೆಯ ಇಂಗ್ಲಿಷ್ ಪದಗಳು (ಚೀನೀ ಭಾಷಿಕರ ಕಲಿಕೆಯಲ್ಲಿ)

ಸಾಲಾಗಿ ನಿಲ್ಲುವುದು, ಸಾಲಾಗಿ ಇಡುವುದು, ಕ್ರಮವಾಗಿ ವಿಂಗಡಿಸುವುದು, ಏರ್ಪಾಡು ಮಾಡುವುದು ಎಂಬ ಅರ್ಥಗಳಲ್ಲಿ ಇಂಗ್ಲಿಷಿನಲ್ಲಿ ಬಳಕೆಯಾಗುವ ಲೈನ್, ಕ್ಯೂ, ರೋ, ಕಾಲಂ, ಫೈಲ್, ಅರೇಂಜ್, ಅಲೈನ್, ಸಾರ್ಟ್, ಆರ್ಡರ್ ಮುಂತಾದ ಪದಗಳ ಗುಂಪು. ಇವುಗಳಲ್ಲಿ ಹೆಚ್ಚಿನವು ಶಾಲೆಯ ಮೊದಲ ಕೆಲವು ವರ್ಷಗಳಲ್ಲೇ ಬರುವ ಸುಲಭದ ಪದಗಳು. ಆದರೂ ಚೀನೀ ಮಾತೃಭಾಷೆಯವರು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಇವುಗಳಲ್ಲಿ ಎಡವುತ್ತಾರೆ. ಚೀನೀ ಭಾಷೆ ಒಂದೇ ಅಕ್ಷರದ ಸುತ್ತ ಕೂಡಿಸಿಟ್ಟಿರುವ ಅರ್ಥಗಳನ್ನು ಇಂಗ್ಲಿಷ್ ಹಲವು ಪದಗಳಿಗೆ ಹಂಚಿರುವುದೇ ಇದಕ್ಕೆ ಮುಖ್ಯ ಕಾರಣ.

ಆ ಅಕ್ಷರ ‘ಪಾಯ್’. ಅದು ಸಾಲು ಎಂಬ ನಾಮಪದವೂ ಹೌದು, ಸಾಲಾಗಿಸು ಎಂಬ ಕ್ರಿಯಾಪದವೂ ಹೌದು. ಸರದಿಯಲ್ಲಿ ನಿಲ್ಲುವುದು ಪಾಯ್‌ದ್ವೇ, ವಸ್ತುಗಳನ್ನು ಒಪ್ಪವಾಗಿ ಜೋಡಿಸುವುದು ಪಾಯ್‌ಲಿಯೆ, ಕ್ರಮಕ್ಕೆ ತಕ್ಕಂತೆ ವಿಂಗಡಿಸುವುದು ಪಾಯ್‌ಶ್ಯು, ಏರ್ಪಾಡು ಮಾಡುವುದು ಆನ್‌ಪಾಯ್. ಪರೀಕ್ಷೆಯ ರ‍್ಯಾಂಕು, ಮುದ್ರಣದ ಪುಟಜೋಡಣೆ, ನಾಟಕದ ತಾಲೀಮು ಎಲ್ಲದರಲ್ಲೂ ‘ಪಾಯ್’ ಇದೆ. ಸೇನೆಯ ಪ್ಲಟೂನಿಗೆ ಬರಿಯ ‘ಪಾಯ್’ ಎಂದೇ ಹೆಸರು. ವಾಲಿಬಾಲ್ ಪಾಯ್‌ಛಿಯು, ಅಂದರೆ ಸಾಲು ಚೆಂಡು. ನಮ್ಮ ಗಣಿತ ಪುಸ್ತಕಗಳಲ್ಲಿ ಕ್ರಮಯೋಜನೆ ಎನ್ನುವುದನ್ನು ಅವರು ಪಾಯ್‌ಲಿಯೆ ಎನ್ನುತ್ತಾರೆ. ಹೀಗಾಗಿ ಚೀನೀ ವಿದ್ಯಾರ್ಥಿಗೆ ಕುರ್ಚಿ ಜೋಡಿಸುವುದೂ ಸಭೆ ಏರ್ಪಡಿಸುವುದೂ ಟಿಕೆಟಿಗೆ ನಿಲ್ಲುವುದೂ ಒಂದೇ ಮನೆತನದ ಕೆಲಸಗಳಾಗಿ ಕಾಣುತ್ತವೆ.

ಜನರು ಸರದಿಯಲ್ಲಿ ನಿಲ್ಲುವುದಕ್ಕೆ ಇಂಗ್ಲಿಷಿನಲ್ಲೇ ಒಮ್ಮತವಿಲ್ಲ. ಬ್ರಿಟನ್ನಿನವರು ‘ಕ್ಯೂ’ ಎಂದರೆ ಅಮೆರಿಕದವರು ‘ಲೈನ್’ ಎನ್ನುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ‘ಇನ್ ಲೈನ್’ ಬದಲು ‘ಆನ್ ಲೈನ್’ ಎನ್ನುವ ರೂಢಿಯೂ ಇದೆ. ಮುಖ್ಯಭೂಮಿ ಚೀನಾದಲ್ಲಿ ಕಲಿತವರು ಎರಡನ್ನೂ ಕೇಳಿರುತ್ತಾರೆ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗಿನಲ್ಲಿ ‘ಕ್ಯೂ’ ಗಟ್ಟಿಯಾಗಿ ಉಳಿದಿದೆ. ಕನ್ನಡಕ್ಕೆ ‘ಕ್ಯೂ’ ಬಂದ ದಾರಿಯೂ ಅದೇ. ಬಾಲ ಎಂಬ ಅರ್ಥದ ಫ್ರೆಂಚ್ ಪದ ಇದರ ಮೂಲ. ಜನರ ಸರದಿಯ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಇದರ ಮೊದಲ ಬಳಕೆಗೆ ಸಾಮಾನ್ಯವಾಗಿ ಥಾಮಸ್ ಕಾರ್ಲೈಲ್ 1837ರಲ್ಲಿ ಪ್ರಕಟಿಸಿದ ಫ್ರೆಂಚ್ ಕ್ರಾಂತಿಯ ಇತಿಹಾಸವನ್ನು ಉದಾಹರಿಸುತ್ತಾರೆ. ಚೀನೀಯರಿಗೆ ಈ ಪದದಲ್ಲಿ ಇನ್ನೊಂದು ಸೋಜಿಗ ಕಾದಿರುತ್ತದೆ. 1645ರಲ್ಲಿ ಛಿಂಗ್ ಅರಸರು ಹಾನ್ ಗಂಡಸರ ಮೇಲೆ ಹೇರಿದ ಉದ್ದ ಜಡೆಗೂ ಇಂಗ್ಲಿಷ್ ಇತಿಹಾಸ ಪುಸ್ತಕಗಳಲ್ಲಿ ‘ಕ್ಯೂ’ ಎಂದೇ ಹೆಸರು. 1911ರ ಕ್ರಾಂತಿಯಲ್ಲಿ ಜನ ಕ್ಯೂ ಕತ್ತರಿಸಿದರು ಎಂಬ ವಾಕ್ಯವನ್ನು ಮೊದಲ ಬಾರಿ ಓದುವ ವಿದ್ಯಾರ್ಥಿ ತಬ್ಬಿಬ್ಬಾದರೆ ತಪ್ಪು ಅವನದಲ್ಲ.

ಸರದಿ ಮುರಿದು ನುಗ್ಗುವುದಕ್ಕೆ ಅಮೆರಿಕದಲ್ಲಿ ‘ಕಟ್ ಇನ್ ಲೈನ್’, ಬ್ರಿಟನ್ನಿನಲ್ಲಿ ‘ಜಂಪ್ ದ ಕ್ಯೂ’. ಚೀನೀ ಮೂಲದವರೇ ಹೆಚ್ಚಿರುವ ಸಿಂಗಪುರದ ಇಂಗ್ಲಿಷ್ ಎರಡನ್ನೂ ಬೆಸೆದು ‘ಕಟ್ ಕ್ಯೂ’ ಮಾಡಿಕೊಂಡಿದೆ. ಚೀನೀ ಪದ ‘ಛಾದ್ವೇ’, ಅಂದರೆ ಸಾಲಿನೊಳಗೆ ತೂರಿಸುವುದು. ಹಳೆಯ ತಲೆಮಾರಿಗೆ ಈ ಪದ ಬೇರೊಂದು ನೆನಪನ್ನೂ ತರುತ್ತದೆ: 1960ರ ದಶಕದ ಕೊನೆಯಿಂದ ನಗರದ ಓದಿದ ಹುಡುಗ ಹುಡುಗಿಯರನ್ನು ಹಳ್ಳಿಯ ಉತ್ಪಾದನಾ ತಂಡಗಳಿಗೆ ಸೇರಿಸಿ ಕಳುಹಿಸಿದ್ದಕ್ಕೂ ‘ಛಾದ್ವೇ’ ಎಂದೇ ಕರೆಯುತ್ತಿದ್ದರು. ಆ ಕಾಲದ ಆತ್ಮಕಥನಗಳನ್ನು ಇಂಗ್ಲಿಷಿಗೆ ತರುವವರು ‘ಕಟ್ ಇನ್ ಲೈನ್’ ಎಂದು ಬರೆದರೆ ಅನರ್ಥ. ಇನ್ನು ಸರದಿಯ ಶಿಸ್ತು ಸರ್ಕಾರದ ಆಂದೋಲನವೂ ಆಗಿತ್ತು. 2008ರ ಒಲಿಂಪಿಕ್ಸ್ ಸಿದ್ಧತೆಯ ಭಾಗವಾಗಿ ಬೀಜಿಂಗ್ 2007ರ ಫೆಬ್ರವರಿಯಿಂದ ಪ್ರತಿ ತಿಂಗಳ 11ನೇ ತಾರೀಖನ್ನು ಸರದಿ ದಿನವೆಂದು ಸಾರಿತು. 11 ಎಂಬ ಅಂಕಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಂತೆ ಕಾಣುತ್ತದೆ ಎಂಬುದೇ ಆಯ್ಕೆಯ ಕಾರಣ.

ಪದ ಗೊತ್ತಿದ್ದೂ ವ್ಯಾಕರಣದಲ್ಲಿ ಸೋಲುವ ಜಾಗಗಳು ಹಲವು. ‘ಸ್ಟ್ಯಾಂಡ್ ಇನ್ ಲೈನ್’ ಎಂದರೆ ತನ್ನ ಸರದಿಗಾಗಿ ಕಾಯುವುದು. ‘ಸ್ಟ್ಯಾಂಡ್ ಇನ್ ಎ ಲೈನ್’ ಎಂದರೆ ಫೋಟೋಗೋ ಕವಾಯತಿಗೋ ನೇರ ಸಾಲಾಗಿ ನಿಲ್ಲುವುದು. ನಡುವಿನ ‘ಎ’ ಒಂದೇ ಅರ್ಥವನ್ನು ಬದಲಿಸುತ್ತದೆ. ಚೀನೀ ಭಾಷೆಯಲ್ಲಿ ಇಂಥ ಆರ್ಟಿಕಲ್ ಇಲ್ಲ. ಮೊದಲನೆಯದಕ್ಕೆ ಪಾಯ್‌ದ್ವೇ, ಎರಡನೆಯದಕ್ಕೆ ‘ಒಂದು ಸಾಲಾಗಿ ನಿಲ್ಲು’ ಎಂಬ ಬೇರೆಯೇ ನುಡಿಗಟ್ಟು. ಕನ್ನಡಿಗರೂ ಇದೇ ಜಾಗದಲ್ಲಿ ಜಾರುವುದುಂಟು. ‘ಇನ್ ಎ ರೋ’ ಇನ್ನೂ ಮೋಸದ್ದು. ಕುರ್ಚಿಗಳ ವಿಷಯದಲ್ಲಿ ಅದು ಅಕ್ಕಪಕ್ಕದ ಸಾಲು, ದಿನಗಳ ವಿಷಯದಲ್ಲಿ ‘ಸತತವಾಗಿ’. ಮೂರು ದಿನ ಬಿಡದೆ ಮಳೆ ಬಂದರೆ ಅಲ್ಲಿ ಸಾಲು ಎಲ್ಲಿಂದ ಬಂತು ಎಂದು ವಿದ್ಯಾರ್ಥಿ ಕೇಳುತ್ತಾನೆ, ಏಕೆಂದರೆ ಚೀನೀ ಭಾಷೆ ಅಲ್ಲಿ ‘ಲಿಯನ್‌ಶ್ಯು’ ಎಂಬ, ಸಾಲಿಗೆ ಸಂಬಂಧವೇ ಇಲ್ಲದ ಪದವನ್ನು ಬಳಸುತ್ತದೆ.

‘ಅರೇಂಜ್’ ಕ್ರಿಯಾಪದದ ತಪ್ಪು ಚೀನೀಯರ ಇಂಗ್ಲಿಷಿನಲ್ಲಿ ಎದ್ದು ಕಾಣುವಂಥದ್ದು. ಆನ್‌ಪಾಯ್ ಆದ ಮೇಲೆ ನೇರವಾಗಿ ವ್ಯಕ್ತಿ, ಆಮೇಲೆ ಅವನು ಮಾಡಬೇಕಾದ ಕೆಲಸ ಬರುತ್ತದೆ. ಅದನ್ನೇ ಇಂಗ್ಲಿಷಿಗೆ ಇಳಿಸಿದಾಗ ‘ಐ ಅರೇಂಜ್ಡ್ ಹಿಮ್ ಟು ಗೋ’ ಎಂಬ ವಾಕ್ಯ ಹುಟ್ಟುತ್ತದೆ. ‘ಅರೇಂಜ್ಡ್ ಫಾರ್ ಹಿಮ್’ ಆಗಬೇಕು. ‘ಫಾರ್’ ಇಲ್ಲದಿದ್ದರೆ ಅವನನ್ನೇ ಹೂದಾನಿಯ ಹೂವಿನಂತೆ ಜೋಡಿಸಿಟ್ಟ ಹಾಗಾಗುತ್ತದೆ. ಇದಕ್ಕಿಂತ ಆಳದ ತೊಡಕು ಅಧಿಕಾರದ್ದು. ಮೇಲಿನವರು ಕೆಳಗಿನವರಿಗೆ ಕೆಲಸ ವಹಿಸುವುದೂ ಆನ್‌ಪಾಯ್ ಆಗುತ್ತದೆ. ಇಂಗ್ಲಿಷಿನಲ್ಲಿ ಅಲ್ಲಿ ‘ಅಸೈನ್’ ಅಥವಾ ‘ಸೆಂಡ್’ ಬೇಕು. ಕಂಪನಿ ತನ್ನನ್ನು ಶಾಂಘೈಗೆ ‘ಅರೇಂಜ್’ ಮಾಡಿತು ಎಂದು ಇಮೇಲ್ ಬರೆಯುವವನ ತಲೆಯಲ್ಲಿ ಇರುವುದು ಆನ್‌ಪಾಯ್. ‘ಲೈನ್ ಅಪ್’ ಅಂತೂ ಎರಡೂ ಕಡೆ ಚಾಚಿಕೊಂಡಿದೆ: ಮಕ್ಕಳನ್ನು ಸಾಲಾಗಿ ನಿಲ್ಲಿಸಬಹುದು, ಮುಂದಿನ ಕೆಲಸವೊಂದನ್ನು ಗೊತ್ತುಮಾಡಿಕೊಳ್ಳಲೂಬಹುದು. ಸರ್ವನಾಮ ಬಂದಾಗ ಅದು ಲೈನ್ ಮತ್ತು ಅಪ್ ನಡುವೆಯೇ ಕೂರಬೇಕು ಎಂಬ ನಿಯಮ ಮಾತ್ರ ಬಹಳ ಅಭ್ಯಾಸ ಬೇಡುತ್ತದೆ.

ಉಚ್ಚಾರಣೆಯ ಕಷ್ಟ ಪ್ರಾಂತ್ಯಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಹಾಂಗ್‌ಕಾಂಗಿನ ಕ್ಯಾಂಟನೀಸ್ ಮಾತಿನಲ್ಲಿ ಪದದ ಮೊದಲಿನ ‘ನ’ ಹಲವರ ಬಾಯಲ್ಲಿ ‘ಲ’ ಆಗಿದೆ. ಸಿಚುವಾನ್, ಹೂಬೇ, ಹೂನಾನ್ ಪ್ರಾಂತ್ಯಗಳ ಹಲವು ಕಡೆಯೂ ಇವೆರಡು ಬೆರೆತುಹೋಗಿವೆ. ಅಂಥವರಿಗೆ ‘ಲೈನ್’ ಮತ್ತು ‘ನೈನ್’ ಬೇರೆಯಾಗಿ ಕೇಳಿಸುವುದೇ ಕಷ್ಟ. ಒಂಬತ್ತನೇ ಸಾಲು ಎನ್ನಲು ‘ಲೈನ್ ನೈನ್’ ಎನ್ನಬೇಕಾಗಿ ಬಂದರೆ ಪಾಡು ಊಹಿಸಬಹುದು. ‘ರೋ’ ಎಂಬುದು ‘ರೌ’ ಆದರೆ ಜಗಳ. ಕಾಗುಣಿತ ಮಾತ್ರ ಒಂದೇ.

ರೋ ಮತ್ತು ಕಾಲಂ, ಅಂದರೆ ಅಡ್ಡಸಾಲು ಮತ್ತು ಕಂಬಸಾಲು, ಇಡೀ ವಿಷಯದಲ್ಲಿ ಅತಿ ಕುತೂಹಲದ ಜಾಗ. ಚೀನೀ ಭಾಷೆಯಲ್ಲಿ ಇವಕ್ಕೆ ‘ಹಾಂಗ್’ ಮತ್ತು ‘ಲಿಯೆ’ ಎಂಬ ಎರಡು ಪದಗಳಿವೆ, ಆದರೆ ಯಾವುದು ಯಾವುದಕ್ಕೆ ಎಂಬುದು ನೀವು ಎಲ್ಲಿ ಓದಿದಿರಿ ಎಂಬುದರ ಮೇಲೆ ನಿಂತಿದೆ. ಮುಖ್ಯಭೂಮಿಯಲ್ಲಿ ಹಾಂಗ್ ಅಡ್ಡ, ಲಿಯೆ ಉದ್ದ. ತೈವಾನಿನಲ್ಲಿ ಪೂರ್ತಿ ತಿರುವುಮುರುವು: ಲಿಯೆ ಅಡ್ಡ, ಹಾಂಗ್ ಉದ್ದ. ಹಿಂದೆ ಚೀನೀ ಬರಹ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು, ಆದ್ದರಿಂದ ಬರಹದ ಒಂದು ಹಾಂಗ್ ಎಂದರೆ ಸಹಜವಾಗಿ ಕಂಬಸಾಲು. ಮುಖ್ಯಭೂಮಿಯ ಪತ್ರಿಕೆಗಳು 1950ರ ದಶಕದಲ್ಲಿ ಅಡ್ಡ ಬರಹಕ್ಕೆ ತಿರುಗಿದವು. ‘ಪೀಪಲ್ಸ್ ಡೈಲಿ’ 1956ರ ಜನವರಿ 1ರಂದು ಬದಲಾಯಿತು. ಸಾಲು ಮಲಗಿತು, ಹಾಂಗ್ ಕೂಡ ಅದರೊಡನೆ ಮಲಗಿತು. ತೈವಾನಿನ ಸರ್ಕಾರಿ ಕಾಗದಪತ್ರಗಳು ಅಡ್ಡ ಬರಹಕ್ಕೆ ಬಂದದ್ದು 2005ರಲ್ಲಿ. ಮಾತೃಕೆಗಳ ಗಣಿತವನ್ನೋ ಕಂಪ್ಯೂಟರಿನ ಕೋಷ್ಟಕವನ್ನೋ ಎರಡೂ ಕಡೆಯ ವಿದ್ಯಾರ್ಥಿಗಳು ಒಟ್ಟಿಗೆ ಕಲಿಯುವ ತರಗತಿಯಲ್ಲಿ ಇಂಗ್ಲಿಷಿನ ರೋ, ಕಾಲಂ ಪದಗಳೇ ಹೆಚ್ಚು ಸುರಕ್ಷಿತ.

ಈ ಪದಗಳನ್ನು ಎರಡು ಕಲಮುಗಳ ಪಟ್ಟಿ ಮಾಡಿ, ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಚೀನೀ ಬರೆದು ಬಾಯಿಪಾಠ ಮಾಡಿಸುವ ವಿಧಾನ ಇಲ್ಲಿ ಕೆಲಸಕ್ಕೆ ಬಾರದು. ಪಟ್ಟಿಯಲ್ಲಿ ಹೆಚ್ಚಿನವುಗಳ ಎದುರು ‘ಪಾಯ್’ ಬರುತ್ತದೆ. ಯಾರು ನಿಂತಿದ್ದಾರೆ, ಯಾವುದನ್ನು ಇಟ್ಟಿದ್ದಾರೆ, ಅಡ್ಡವೋ ಉದ್ದವೋ, ಕಾಯಲೋ ಅಂದಕ್ಕೋ ಎಂಬ ಸನ್ನಿವೇಶದ ಜೊತೆಗೆ ಇಡೀ ನುಡಿಗಟ್ಟನ್ನೇ ಕಲಿಸಬೇಕು.

‘ಆರ್ಡರ್’ ಪದದ ಬಳಿ ತೊಡಕು ಭಾಷೆಯನ್ನು ದಾಟಿ ರೂಢಿಗೆ ಬರುತ್ತದೆ. ‘ಇನ್ ಆಲ್ಫಬೆಟಿಕಲ್ ಆರ್ಡರ್’ ಎಂದರೆ ಇಂಗ್ಲಿಷಿನವನಿಗೆ ಬೇರೆ ವಿವರಣೆ ಬೇಡ. ಚೀನೀ ಬರಹದಲ್ಲಿ ಅಕ್ಷರಮಾಲೆ ಇಲ್ಲ. ನಿಘಂಟುಗಳು ಅಕ್ಷರದ ಮೂಲಾಂಗದ ಪ್ರಕಾರವೋ ಗೆರೆಗಳ ಸಂಖ್ಯೆಯ ಪ್ರಕಾರವೋ ಜೋಡಣೆಯಾಗುತ್ತಿದ್ದವು. 1716ರ ಕಾಂಗ್‌ಶಿ ನಿಘಂಟಿನಲ್ಲಿ 214 ಮೂಲಾಂಗಗಳಿವೆ. 1958ರಲ್ಲಿ ರೋಮನ್ ಲಿಪಿಯ ಪಿನ್‌ಯಿನ್ ಜಾರಿಯಾದ ಮೇಲೆ ಅದರ ಕ್ರಮವೂ ಬಳಕೆಗೆ ಬಂದಿತು. ಆದರೂ ಗಣ್ಯರ ಹೆಸರುಗಳನ್ನು ಇಂದಿಗೂ ಅಡ್ಡಹೆಸರಿನ ಗೆರೆಗಳ ಲೆಕ್ಕದಲ್ಲಿ ಅಚ್ಚುಮಾಡುವುದುಂಟು. 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶಗಳು ಪಥಸಂಚಲನ ಮಾಡಿದ್ದು ಇದೇ ಲೆಕ್ಕದಲ್ಲಿ: ಸಂಪ್ರದಾಯದಂತೆ ಗ್ರೀಸ್ ಮುಂದೆ ನಡೆಯಿತು, ಅದರ ಹಿಂದೆ ಎರಡೇ ಗೆರೆಯ ಅಕ್ಷರದಿಂದ ಹೆಸರು ಆರಂಭವಾಗುವ ಗಿನಿ ಬಂದಿತು, ಇಂಗ್ಲಿಷ್ ಪಟ್ಟಿಗಳಲ್ಲಿ ಆರಂಭದಲ್ಲೇ ಇರುವ ಆಸ್ಟ್ರೇಲಿಯಾ ಬಹುತೇಕ ಕೊನೆಗೆ ಬಂದಿತು.